ಕೆಂಪು ರಕ್ತಕಣದ ಎರಡು ಪದರ: 1925ರ ಲೈಡನ್ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಿದಾಗ

ಒಂದು ಮಿಲಿಲೀಟರ್ ರಕ್ತ ತೆಗೆದುಕೊಳ್ಳಿ. ಸುಮಾರು ಇಪ್ಪತ್ತು ಹನಿ. ಅದರಲ್ಲಿರುವ ಕೆಂಪು ಕಣಗಳ ಮೈಯನ್ನೆಲ್ಲ ಸುಲಿದು ನೆಲದ ಮೇಲೆ ಒತ್ತೊತ್ತಾಗಿ ಹಾಸಿದರೆ 0.47 ಚದರ ಮೀಟರ್ ಜಾಗ ಬೇಕು. ಎರಡೂಕಾಲು ಅಡಿ ಉದ್ದ, ಎರಡೂಕಾಲು ಅಡಿ ಅಗಲದ ಒಂದು ಬಟ್ಟೆ ಅಂದುಕೊಳ್ಳಿ. ಈಗ ಅದೇ ಕಣಗಳಿಂದ ಕೊಬ್ಬನ್ನು ಬೇರೆ ಮಾಡಿ, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ. ಅದು 0.92 ಚದರ ಮೀಟರ್ ಆಗುತ್ತದೆ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಸುಮಾರು ಎರಡು.

ಈ ಭಾಗಾಕಾರ ಮಾಡಿದವರು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಎವರ್ಟ್ ಗೋರ್ಟರ್ ಮತ್ತು ಎಫ್. ಗ್ರೆಂಡೆಲ್. ವರ್ಷ 1925. ಅವರ ವರದಿ ಐದೇ ಪುಟದ್ದು. ಜೀವಕೋಶದ ಪೊರೆಯಲ್ಲಿ ಲಿಪಿಡ್, ಅಂದರೆ ಕೊಬ್ಬಿನ, ಅಣುಗಳು ಎರಡು ಪದರವಾಗಿ ನಿಂತಿವೆ ಅಂತ ನಾವೆಲ್ಲ ಪಿಯುಸಿಯಲ್ಲಿ ಓದುತ್ತೇವಲ್ಲ, ಆ ಮಾತಿಗೆ ಮೊದಲ ಬಾರಿ ಅಳತೆಯ ಆಧಾರ ಕೊಟ್ಟದ್ದು ಆ ಐದು ಪುಟ.

ಆದರೆ ಆ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿತು, ಉತ್ತರ ಸರಿ ಬಂತು. ಹಾಗಾಗಿ ಈ ಪ್ರಯೋಗದ ಮಾತು ಬಂದಾಗಲೆಲ್ಲ "ಅದೃಷ್ಟ ಚೆನ್ನಾಗಿತ್ತು" ಅಂತ ಹೇಳಿ ಮುಗಿಸಿಬಿಡುವ ರೂಢಿ ಬೆಳೆದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅವರು ಯಾವ ಕಣವನ್ನು ಆರಿಸಿದರು, ಯಾವುದನ್ನು ಯಾವುದರ ಜೊತೆ ಹೋಲಿಸಿದರು, ಎಲ್ಲಿ ಎಡವಿದರು ಅನ್ನೋದನ್ನು ಒಂದೊಂದಾಗಿ ನೋಡಿದರೆ ಪೊರೆಯ ಲಿಪಿಡ್‌ಗಳ ಬಗ್ಗೆ ಪಠ್ಯಪುಸ್ತಕದ ಚಿತ್ರಕ್ಕಿಂತ ಜಾಸ್ತಿ ತಿಳಿಯುತ್ತದೆ. ಈ ಬರಹ ಆ ಒಂದು ಪ್ರಯೋಗದ್ದು.

ಅದಕ್ಕೂ ಮೊದಲು ಗೊತ್ತಿದ್ದದ್ದು

1890ರ ದಶಕದಲ್ಲಿ ಜೂರಿಕ್‌ನಲ್ಲಿ ಅರ್ನೆಸ್ಟ್ ಓವರ್ಟನ್ ಎಂಬ ವಿಜ್ಞಾನಿ ನೂರಾರು ರಾಸಾಯನಿಕಗಳನ್ನು ಜೀವಕೋಶಗಳಿಗೆ ಒಡ್ಡಿ ನೋಡುತ್ತಿದ್ದರು. ಯಾವುದು ಬೇಗ ಒಳಗೆ ಹೋಗುತ್ತದೆ, ಯಾವುದು ಹೋಗಲ್ಲ? ಒಂದು ಕ್ರಮ ಕಂಡಿತು. ಎಣ್ಣೆಯಲ್ಲಿ ಕರಗುವ ವಸ್ತು ಸಲೀಸಾಗಿ ಒಳಗೆ ಹೋಗುತ್ತಿತ್ತು. ಸಕ್ಕರೆ, ಉಪ್ಪಿನಂಥವು ಬಾಗಿಲಲ್ಲೇ ನಿಲ್ಲುತ್ತಿದ್ದವು. ಅಂದಮೇಲೆ ಜೀವಕೋಶದ ಹೊರಮೈಯಲ್ಲಿ ಕೊಬ್ಬಿನಂಥದ್ದೇನೋ ಇದೆ, ಅದು ಲೆಸಿಥಿನ್ ಮತ್ತು ಕೊಲೆಸ್ಟ್ರಾಲ್ ಇರಬಹುದು ಅಂತ ಅವರು ಹೇಳಿದರು. ಲೆಸಿಥಿನ್ ಅಂದರೆ ಮೊಟ್ಟೆಯ ಹಳದಿಯಲ್ಲಿ ಧಾರಾಳವಾಗಿ ಸಿಗುವ ಕೊಬ್ಬು. ಗ್ರೀಕ್ ಭಾಷೆಯಲ್ಲಿ ಮೊಟ್ಟೆಯ ಹಳದಿಗಿರುವ ಪದದಿಂದಲೇ ಅದಕ್ಕೆ ಆ ಹೆಸರು.

ಸರಿ, ಕೊಬ್ಬು ಇದೆ. ಎಷ್ಟು ದಪ್ಪ? ಹೇಗೆ ಜೋಡಿಸಿಕೊಂಡಿದೆ? ಇದು ಓವರ್ಟನ್ ಅವರ ವಿಧಾನದಿಂದ ತಿಳಿಯುವಂಥದ್ದಲ್ಲ. ಆಗಿನ ಸೂಕ್ಷ್ಮದರ್ಶಕದಲ್ಲೂ ಕಾಣುತ್ತಿರಲಿಲ್ಲ. ಪೊರೆ ಅಷ್ಟು ತೆಳು, ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ತೆಳು.

ಇದಕ್ಕೆ ಬೇಕಿದ್ದ ಉಪಕರಣ ಬಂದದ್ದು ಅಡುಗೆಮನೆಯಿಂದ. ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೋಕೆಲ್ಸ್ ಅವರಿಗೆ ಹೆಣ್ಣುಮಗಳು ಅನ್ನುವ ಕಾರಣಕ್ಕೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಕಾಯಿಲೆಯ ಅಪ್ಪ ಅಮ್ಮನನ್ನು ನೋಡಿಕೊಂಡು, ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹೇಗೆ ಹರಡುತ್ತದೆ ಅಂತ ಅಳೆಯುತ್ತ ಕೂತರು. ತಗಡಿನ ಉದ್ದನೆಯ ತೊಟ್ಟಿ, ತುಂಬಿದ ನೀರು, ಅದರ ಮೇಲೆ ಅಡ್ಡಕ್ಕೆ ಜಾರಿಸುವ ಒಂದು ಪಟ್ಟಿ. ಪಟ್ಟಿಯನ್ನು ಸರಿಸಿ ಜಿಡ್ಡಿನ ಹಾಳೆಯನ್ನು ಒತ್ತೊತ್ತಿಗೆ ತಂದಾಗ ಒಂದು ಹಂತದಲ್ಲಿ ಅದು ತಿರುಗಿ ಒತ್ತಲು ಶುರುಮಾಡುತ್ತದೆ. 1891ರಲ್ಲಿ ಅವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಪತ್ರ ಬರೆದರು. ಜರ್ಮನ್ ಭಾಷೆಯ ಆ ಪತ್ರವನ್ನು ರೇಲಿಯವರ ಹೆಂಡತಿ ಇಂಗ್ಲಿಷಿಗೆ ತಂದರು. ರೇಲಿ ಅದನ್ನು 'ನೇಚರ್' ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. 1917ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಇನ್ನಷ್ಟು ನಿಖರ ಮಾಡಿ, ಜಿಡ್ಡಿನ ಹಾಳೆ ಒಂದೇ ಅಣುವಿನ ದಪ್ಪದ್ದು ಅಂತ ತೋರಿಸಿದರು. ಈಗ ಅದಕ್ಕೆ ಲ್ಯಾಂಗ್‌ಮ್ಯೂರ್ ತೊಟ್ಟಿ ಅಂತಲೇ ಹೆಸರು. ಪೋಕೆಲ್ಸ್ ಹೆಸರೂ ಅದರ ಜೊತೆ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ತಲೆ, ಬಾಲ ಮತ್ತು ನೀರು

ತೊಟ್ಟಿಯ ಮೇಲೆ ಏನಾಗುತ್ತದೆ ಅನ್ನೋದು ಅರ್ಥವಾಗಬೇಕಾದರೆ ಅಣುವಿನ ಆಕಾರ ಗೊತ್ತಿರಬೇಕು. ಪೊರೆಯ ಮುಖ್ಯ ಲಿಪಿಡ್ ಫಾಸ್ಫೋಲಿಪಿಡ್. ಲೆಸಿಥಿನ್ ಈ ಗುಂಪಿನದ್ದೇ. ಅದಕ್ಕೊಂದು ತಲೆ, ಎರಡು ಬಾಲ. ತಲೆಯಲ್ಲಿ ಫಾಸ್ಫೇಟ್ ಇದೆ, ವಿದ್ಯುತ್ ಆವೇಶ ಇದೆ. ಅದಕ್ಕೆ ನೀರು ಇಷ್ಟ. ಬಾಲಗಳು ಕೊಬ್ಬಿನಾಮ್ಲದ ಉದ್ದನೆಯ ಸರಗಳು. ಸಾಮಾನ್ಯವಾಗಿ 16ರಿಂದ 20 ಇಂಗಾಲದ ಪರಮಾಣುಗಳು ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ನೀರು ಅವುಗಳನ್ನು ಹತ್ತಿರ ಸೇರಿಸುವುದಿಲ್ಲ. ಕೊಲೆಸ್ಟ್ರಾಲ್ ಆಕಾರ ಬೇರೆ. ಅದರ ತಲೆ ತೀರ ಸಣ್ಣದು, ಮೈ ಗಡುಸು.

ಇಂಥ ಅಣುಗಳನ್ನು ನೀರಿನ ಮೇಲೆ ಬಿಟ್ಟರೆ ತಲೆ ನೀರಿಗೆ ಊರಿ, ಬಾಲವನ್ನು ಗಾಳಿಗೆ ಎತ್ತಿ ನಿಂತುಬಿಡುತ್ತವೆ. ಗದ್ದೆಯಲ್ಲಿ ನಾಟಿ ಮಾಡಿದ ಪೈರಿನ ಹಾಗೆ. ಮನೆಯಲ್ಲೇ ನೋಡಬೇಕೆಂದರೆ ತಟ್ಟೆಯಲ್ಲಿ ನೀರು ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ನಡುವೆ ಪಾತ್ರೆ ತೊಳೆಯುವ ಸೋಪು ಹಚ್ಚಿದ ಬೆರಳು ಮುಟ್ಟಿಸಿ. ಪುಡಿ ಅಂಚಿಗೆ ಓಡುತ್ತದೆ. ಸೋಪಿನ ಅಣುಗಳಿಗೂ ತಲೆ ಬಾಲ ಇದೆ. ಅವು ನೀರಿನ ಮೇಲೆ ಹಾಳೆಯಾಗಿ ಹರಡುವಾಗ ನೀರಿನ ಮೇಲ್ಮೈ ಬಿಗಿ ನಡುವೆ ಸಡಿಲವಾಗುತ್ತದೆ, ಪುಡಿ ಅಂಚಿನ ಕಡೆಗೆ ಸರಿಯುತ್ತದೆ.

ಲೈಡನ್‌ನ ಕೆಲಸ

ಗೋರ್ಟರ್ ಮಕ್ಕಳ ವೈದ್ಯರು. ಪ್ರಯೋಗ ನಡೆದದ್ದೂ ಮಕ್ಕಳ ವೈದ್ಯ ವಿಭಾಗದ ಪ್ರಯೋಗಾಲಯದಲ್ಲಿ. ಅವರ ಪ್ರಶ್ನೆ ಸರಳ. ಕಣದ ಮೈಯ ವಿಸ್ತೀರ್ಣ ಗೊತ್ತಾದರೆ, ಅದರಲ್ಲಿರುವ ಎಲ್ಲ ಲಿಪಿಡ್ ಒಂದು ಅಣು ದಪ್ಪಕ್ಕೆ ಹರಡಿದಾಗ ಎಷ್ಟು ವಿಸ್ತೀರ್ಣ ಆಗುತ್ತದೆ ಅನ್ನೋದೂ ಗೊತ್ತಾದರೆ, ಪೊರೆಯಲ್ಲಿ ಎಷ್ಟು ಪದರ ಇದೆ ಅಂತ ತಾನಾಗಿಯೇ ತಿಳಿಯುತ್ತದೆ ಅಲ್ವಾ?

ಇಲ್ಲಿ ಅವರ ಆಯ್ಕೆಯನ್ನು ಗಮನಿಸಬೇಕು. ಕೆಂಪು ರಕ್ತಕಣ. ಮನುಷ್ಯ, ನಾಯಿ, ಕುರಿ, ಮೊಲ ಇಂಥ ಸಸ್ತನಿಗಳ ಕೆಂಪು ಕಣಕ್ಕೆ ಬೆಳೆದ ಮೇಲೆ ಕೋಶಕೇಂದ್ರ ಇರುವುದಿಲ್ಲ. ಮೈಟೊಕಾಂಡ್ರಿಯ ಇಲ್ಲ. ಒಳಗೆ ಬೇರೆ ಯಾವ ಪೊರೆಯೂ ಇಲ್ಲ. ಹಿಮೋಗ್ಲೋಬಿನ್ ತುಂಬಿದ ಒಂದು ಚೀಲ, ಅಷ್ಟೆ. ಹಾಗಾಗಿ ಕಣದಿಂದ ಬಂದ ಲಿಪಿಡ್ ಎಲ್ಲವೂ ಹೊರಗಿನ ಆ ಒಂದೇ ಪೊರೆಯದ್ದು ಅಂತ ಧೈರ್ಯವಾಗಿ ಹೇಳಬಹುದು. ಅವರು ಯಕೃತ್ತಿನ ಕೋಶ ತೆಗೆದುಕೊಂಡಿದ್ದರೆ ಒಳಗಿನ ಪೊರೆಗಳ ಲಿಪಿಡ್ ಎಲ್ಲ ಬೆರೆತು ಲೆಕ್ಕ ಹಳ್ಳ ಹಿಡಿಯುತ್ತಿತ್ತು. ಕೋಳಿಯ ಕೆಂಪು ಕಣ ತೆಗೆದುಕೊಂಡಿದ್ದರೂ ಕಷ್ಟವೇ. ಹಕ್ಕಿಗಳ ಕೆಂಪು ಕಣದಲ್ಲಿ ಕೋಶಕೇಂದ್ರ ಉಳಿದುಕೊಂಡಿರುತ್ತದೆ. ಇದನ್ನು ಅದೃಷ್ಟ ಅನ್ನೋಕಾಗಲ್ಲ.

ರಕ್ತವನ್ನು ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು ಕೆಂಪು ಕಣಗಳನ್ನು ಮಾತ್ರ ಉಳಿಸಿಕೊಂಡರು. ಅಸಿಟೋನ್ ಸುರಿದು ಹಲವು ಸಲ ಲಿಪಿಡ್ ಹಿಂಡಿದರು. ಅಸಿಟೋನ್ ಆರಿದ ಮೇಲೆ ಉಳಿದದ್ದನ್ನು ಬೆಂಜೀನ್‌ನಲ್ಲಿ ಕರಗಿಸಿ, ಆ ದ್ರಾವಣವನ್ನು ತೊಟ್ಟಿಯ ನೀರಿನ ಮೇಲೆ ಹನಿಸಿದರು. ಬೆಂಜೀನ್ ಆವಿಯಾಗಿ ಹೋಗುತ್ತದೆ, ಲಿಪಿಡ್ ಹಾಳೆ ಉಳಿಯುತ್ತದೆ. ಪಟ್ಟಿ ಸರಿಸುತ್ತ ಬಂದು, ಹಾಳೆ ಮೊದಲ ಬಾರಿ ತಿರುಗಿ ಒತ್ತಿದ ಜಾಗದಲ್ಲಿ ನಿಲ್ಲಿಸಿ ವಿಸ್ತೀರ್ಣ ಬರೆದುಕೊಂಡರು.

ಇನ್ನೊಂದು ಕಡೆ ಕಣಗಳ ಎಣಿಕೆ. ಅವರು ತೆಗೆದುಕೊಂಡ ಮನುಷ್ಯನ ರಕ್ತದಲ್ಲಿ ಒಂದು ಘನ ಮಿಲಿಮೀಟರಿಗೆ 47,40,000 ಕಣಗಳಿದ್ದವು. ರಕ್ತ ಪರೀಕ್ಷೆಯ ವರದಿಯಲ್ಲಿ ಈಗಲೂ ಹೆಚ್ಚೂಕಮ್ಮಿ ಇಂಥದ್ದೇ ಸಂಖ್ಯೆ ನೋಡುತ್ತೇವೆ. ಒಂದೊಂದು ಕಣದ ಮೈ ಎಷ್ಟು? ಗಾಜಿನ ಮೇಲೆ ರಕ್ತ ಸವರಿ ಒಣಗಿಸಿ, ಕಣದ ವ್ಯಾಸ ಅಳೆದು, ವ್ಯಾಸದ ವರ್ಗವನ್ನು ಎರಡರಿಂದ ಗುಣಿಸುವ ಸೂತ್ರ ಬಳಸಿದರು. ಮನುಷ್ಯನ ಕಣಕ್ಕೆ 99.4 ಚದರ ಮೈಕ್ರೋಮೀಟರ್ ಬಂತು. ಎಣಿಕೆಯನ್ನೂ ಇದನ್ನೂ ಗುಣಿಸಿದರೆ ಒಂದು ಮಿಲಿಲೀಟರಿಗೆ 0.47 ಚದರ ಮೀಟರ್. ಬರಹದ ಮೊದಲಲ್ಲಿ ಕೊಟ್ಟ ಸಂಖ್ಯೆ ಇದೇ.

ಮನುಷ್ಯನಿಗೇ ನಿಲ್ಲಿಸಿದ್ದರೆ ಯಾರೂ ಅಷ್ಟಾಗಿ ನಂಬಬೇಕಾಗಿರಲಿಲ್ಲ. ಅವರು ನಾಯಿ, ಕುರಿ, ಮೊಲ, ಗಿನಿಯಿಲಿ, ಮೇಕೆಗಳ ರಕ್ತವನ್ನೂ ನೋಡಿದರು. ಮೇಕೆಯದ್ದು ನನಗೆ ತುಂಬ ಇಷ್ಟವಾದ ಸಾಲು. ಮೇಕೆಯ ಕೆಂಪು ಕಣ ಬಹಳ ಸಣ್ಣದು. ಮೈ 20.1 ಚದರ ಮೈಕ್ರೋಮೀಟರ್, ಅಂದರೆ ನಮ್ಮದರ ಐದನೇ ಒಂದು ಭಾಗ. ಆದರೆ ಎಣಿಕೆ ಜಾಸ್ತಿ, ಘನ ಮಿಲಿಮೀಟರಿಗೆ 1,65,00,000. ಗುಣಿಸಿದರೆ ಮಿಲಿಲೀಟರಿಗೆ 0.33 ಚದರ ಮೀಟರ್. ಲಿಪಿಡ್ ಹಾಳೆ 0.66. ಅಲ್ಲೂ ಎರಡು!

ಕಣದ ಮೈ ಐದು ಪಟ್ಟು ಬದಲಾದರೂ ಅನುಪಾತ ಕದಲಲಿಲ್ಲ. ಈಗ ಯೋಚಿಸಿ. ಲಿಪಿಡ್ ಕಣದ ಒಳಗೆಲ್ಲ ಬೆರೆತುಕೊಂಡಿದ್ದರೆ ಅದರ ಮೊತ್ತ ಕಣದ ಗಾತ್ರದ ಜೊತೆ ಏರಿಳಿಯಬೇಕಿತ್ತು. ಅದು ಮೈಯ ವಿಸ್ತೀರ್ಣದ ಜೊತೆ ಏರಿಳಿಯಿತು. ಹಾಗಾದರೆ ಲಿಪಿಡ್ ಇರುವುದು ಮೈಮೇಲೆ ಮಾತ್ರ. ಅಳತೆಯಲ್ಲಿ ತಪ್ಪಿದ್ದರೂ ಎಲ್ಲ ಪ್ರಾಣಿಗಳಿಗೂ ಹೆಚ್ಚೂಕಮ್ಮಿ ಒಂದೇ ಥರದ ತಪ್ಪು. ಹಾಗಾಗಿ ಈ ತೀರ್ಮಾನ ಅಲುಗುವುದಿಲ್ಲ. 'ಎರಡು' ಅನ್ನುವ ಸಂಖ್ಯೆಗಿಂತ ಇದೇ ಈ ಪ್ರಯೋಗದ ಗಟ್ಟಿ ಭಾಗ ಅಂತ ನನ್ನ ಅಭಿಪ್ರಾಯ.

ಎರಡು ಪದರ ಯಾಕೆ ಅಂತಲೂ ಅವರು ಹೇಳಿದರು. ಕಣದ ಹೊರಗೆ ಪ್ಲಾಸ್ಮಾ, ಅದು ನೀರು. ಒಳಗೆ ಹಿಮೋಗ್ಲೋಬಿನ್ ದ್ರಾವಣ, ಅದೂ ನೀರೇ. ತೊಟ್ಟಿಯ ಹಾಗೆ ಮೇಲೆ ಗಾಳಿ ಇಲ್ಲ. ಒಂದೇ ಪದರ ಇದ್ದರೆ ಬಾಲಗಳು ಯಾವುದಾದರೂ ಒಂದು ಕಡೆಯ ನೀರಿಗೆ ತಾಗಲೇಬೇಕು. ಎರಡು ಪದರವಾಗಿ, ಬಾಲಗಳನ್ನು ಒಳಗೆ ಎದುರುಬದುರು ಇಟ್ಟು, ತಲೆಗಳನ್ನು ಎರಡೂ ಕಡೆಯ ನೀರಿಗೆ ಕೊಟ್ಟರೆ ಸಮಸ್ಯೆ ಮುಗಿಯಿತು. ಅಣುವಿನ ಆಕಾರದಲ್ಲೇ ಉತ್ತರ ಇತ್ತು. ತೊಟ್ಟಿಯ ಅಳತೆ ಅದನ್ನು ಅನುಮೋದಿಸಿತು.

ಇದೇ ವರ್ಷ ಅಮೆರಿಕದಲ್ಲಿ ಹ್ಯೂಗೋ ಫ್ರಿಕೆ ಪೂರ್ತಿ ಬೇರೆ ದಾರಿಯಿಂದ ಇದೇ ಕಣವನ್ನು ಅಳೆಯುತ್ತಿದ್ದರು. ರಕ್ತದ ಮೂಲಕ ವಿದ್ಯುತ್ ಹರಿಸಿ, ಪೊರೆ ಎಷ್ಟು ಆವೇಶ ಹಿಡಿದಿಡುತ್ತದೆ ಅಂತ ನೋಡಿ, ಅದರಿಂದ ದಪ್ಪ ಲೆಕ್ಕ ಹಾಕಿದರು. 3.3 ನ್ಯಾನೋಮೀಟರ್ ಬಂತು. ಬಾಲಕ್ಕೆ ಬಾಲ ಸೇರಿಸಿ ನಿಂತ ಎರಡು ಅಣುಗಳ ಜಿಡ್ಡಿನ ಭಾಗ ಇಂದಿನ ಅಳತೆಯಲ್ಲೂ ಸುಮಾರು ಇಷ್ಟೇ.

ತಪ್ಪು ಎಲ್ಲಿ?

ಮೊದಲ ತಪ್ಪು ಅಸಿಟೋನ್. ಇದು ಈ ಕೆಲಸಕ್ಕೆ ಒಳ್ಳೆಯ ಆಯ್ಕೆ ಅಲ್ಲ. ಫಾಸ್ಫೋಲಿಪಿಡ್‌ಗಳು ಅಸಿಟೋನ್‌ನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಇವತ್ತಿಗೂ ಸೋಯಾ ಲೆಸಿಥಿನ್‌ನಿಂದ ಎಣ್ಣೆ ತೆಗೆಯಲು ಅಸಿಟೋನ್ ಬಳಸುತ್ತಾರೆ. ಎಣ್ಣೆ ಅದರಲ್ಲಿ ಕರಗಿ ಹೋಗುತ್ತದೆ, ಫಾಸ್ಫೋಲಿಪಿಡ್ ಕೆಳಗೆ ಉಳಿಯುತ್ತದೆ. ಒದ್ದೆ ರಕ್ತಕಣಗಳ ನೀರು ಬೆರೆತಿದ್ದರಿಂದ ಲೈಡನ್‌ನಲ್ಲಿ ಬಹುಪಾಲು ಹೊರಬಂತು. ಆದರೂ ಕಾಲು ಭಾಗದಷ್ಟು ಕಣದಲ್ಲೇ ಉಳಿಯಿತು ಅಂತ ನಂತರದವರು ಅಂದಾಜು ಮಾಡಿದ್ದಾರೆ. ಹಾಗಾಗಿ ಹಾಳೆ ಇರಬೇಕಾದದ್ದಕ್ಕಿಂತ ಸಣ್ಣದಾಯಿತು.

ಎರಡನೆಯ ತಪ್ಪು ಒಣಗಿದ ಕಣ. ಗಾಜಿನ ಮೇಲೆ ಒಣಗಿದಾಗ ಕೆಂಪು ಕಣ ಕುಗ್ಗಿ ಚಪ್ಪಟೆಯಾಗುತ್ತದೆ. ರಕ್ತದಲ್ಲಿ ತೇಲುವಾಗ ಅದು ಎರಡೂ ಕಡೆ ನಡುವೆ ತಗ್ಗಿರುವ ಬಿಲ್ಲೆ. ಉದ್ದಿನ ವಡೆಯ ತೂತು ಪೂರ್ತಿ ತೂತಾಗದೆ ಬರೀ ಗುಳಿ ಬಿದ್ದ ಹಾಗೆ. ಆ ಆಕಾರದ ಮೈ ಸುಮಾರು 140 ಚದರ ಮೈಕ್ರೋಮೀಟರ್ ಇರುತ್ತದೆ. ಅವರು ತೆಗೆದುಕೊಂಡದ್ದು 99.4.

ಎರಡೂ ತಪ್ಪನ್ನು ಒಟ್ಟಿಗೆ ತಿದ್ದಿ ನೋಡೋಣ. ಕಣದ ಮೈ 140 ಅಂದರೆ ಮಿಲಿಲೀಟರಿಗೆ 0.66 ಚದರ ಮೀಟರ್. 0.92 ಅನ್ನುವುದು ಒಟ್ಟು ಲಿಪಿಡ್‌ನ ಮುಕ್ಕಾಲು ಭಾಗ ಅಂದುಕೊಂಡರೆ ಪೂರ್ತಿ ಹಾಳೆ 1.23. ಅನುಪಾತ 1.85. ಇದು ನನ್ನ ಸ್ಥೂಲ ಲೆಕ್ಕ. ಭಾಗಾಕಾರದ ಮೇಲಿನ ಸಂಖ್ಯೆಯೂ ಕಡಿಮೆ, ಕೆಳಗಿನದ್ದೂ ಕಡಿಮೆ. ಅದಕ್ಕೇ ಉತ್ತರ ಅಷ್ಟಾಗಿ ಅಲುಗಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ 'ಅದೃಷ್ಟ' ಅನ್ನುವವರ ಮಾತನ್ನು ನಾನೂ ಅರ್ಧ ಒಪ್ಪುತ್ತಿದ್ದೆ. ಆದರೆ ಮೂರನೆಯ ವಿಷಯ ಒಂದಿದೆ. ಅದು ತಪ್ಪಿಗಿಂತ ದೊಡ್ಡದು. ಹಾಳೆಯನ್ನು ಎಷ್ಟು ಒತ್ತಿದಾಗ ಅಳೆಯಬೇಕು? ಲೈಡನ್‌ನವರು ಹಾಳೆ ಆಗಷ್ಟೇ ತಿರುಗಿ ಒತ್ತಿದ ಹಂತದಲ್ಲಿ ಅಳೆದರು. ಆಗ ಅಣುಗಳು ಇನ್ನೂ ಸಡಿಲವಾಗಿ ನಿಂತಿರುತ್ತವೆ. ಜೀವಂತ ಪೊರೆಯಲ್ಲಿ ಅವು ಅದಕ್ಕಿಂತ ಒತ್ತೊತ್ತಾಗಿ ಇರುತ್ತವೆ.

1966ರಲ್ಲಿ ಬಾರ್, ಡೀಮರ್ ಮತ್ತು ಕಾರ್ನ್‌ವೆಲ್ ಈ ಪ್ರಯೋಗವನ್ನು ಮತ್ತೆ ಮಾಡಿದರು. ಒಳ್ಳೆಯ ದ್ರಾವಕ ಬಳಸಿ ಲಿಪಿಡ್ ಪೂರ್ತಿ ತೆಗೆದರು. ಕಣದ ಮೈಗೆ ಸರಿಯಾದ ಅಳತೆ ಹಾಕಿದರು. ಹಾಳೆಯನ್ನು ಹಗುರವಾಗಿ ಒತ್ತಿದಾಗ ಅನುಪಾತ ಎರಡೇ ಬಂತು. ಹಾಳೆ ಮಡಿಸಿ ಕುಸಿಯುವವರೆಗೆ ಒತ್ತಿದಾಗ ಸುಮಾರು 1.3ಕ್ಕೆ ಇಳಿಯಿತು.

ಅಂದರೆ ಒತ್ತೊತ್ತಾಗಿ ನಿಲ್ಲಿಸಿದರೆ ಲಿಪಿಡ್ ಎರಡು ಪದರವಾಗಿ ಇಡೀ ಕಣವನ್ನು ಮುಚ್ಚಲು ಸಾಲುವುದಿಲ್ಲ. ಉಳಿದ ಜಾಗದಲ್ಲಿ ಏನಿದೆ? ಪ್ರೋಟೀನ್. ಕೆಂಪು ಕಣದ ಪೊರೆಯ ತೂಕದಲ್ಲಿ ಅರ್ಧಕ್ಕೂ ತುಸು ಜಾಸ್ತಿ ಪ್ರೋಟೀನ್, ಲಿಪಿಡ್ ಸುಮಾರು 40 ಶೇಕಡಾ, ಉಳಿದದ್ದು ಸಕ್ಕರೆಯ ಅಣುಗಳು. ಕೆಲವು ಪ್ರೋಟೀನ್‌ಗಳು ಪೊರೆಯ ಒಳಬದಿಗೆ ಬಲೆಯ ಹಾಗೆ ಅಂಟಿಕೊಂಡಿವೆ. ಇನ್ನು ಕೆಲವು ಎರಡೂ ಪದರವನ್ನು ತೂರಿ ಆಚೆ ಈಚೆ ಚಾಚಿವೆ. ಜಾಗ ಹಿಡಿಯುವುದು ಈ ಎರಡನೆಯ ಗುಂಪು. ನೀರು ಸಾಗುವ ಅಕ್ವಾಪೊರಿನ್ ಅನ್ನುವ ಕಾಲುವೆ ಅಂಥದ್ದು. ಅದು ಮೊದಲು ಸಿಕ್ಕಿದ್ದೂ ಕೆಂಪು ಕಣದಲ್ಲೇ. ಅದನ್ನು ಗುರುತಿಸಿದ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

1935ರಲ್ಲಿ ಡೇನಿಯಲಿ ಮತ್ತು ಡಾವ್ಸನ್ ಪ್ರೋಟೀನನ್ನು ಲಿಪಿಡ್‌ನ ಎರಡೂ ಬದಿಗೆ ಬಳಿದ ಹಾಗೆ ಚಿತ್ರಿಸಿದ್ದರು. ಅದು ಮೂರು ದಶಕಕ್ಕೂ ಜಾಸ್ತಿ ನಡೆಯಿತು. ಬಳಿದದ್ದಾಗಿದ್ದರೆ ಪ್ರೋಟೀನ್ ಲಿಪಿಡ್‌ನ ಜಾಗ ತಿನ್ನುತ್ತಿರಲಿಲ್ಲ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಪ್ರೋಟೀನುಗಳನ್ನು ಲಿಪಿಡ್ ಕೊಳದಲ್ಲಿ ತೇಲಲು ಬಿಟ್ಟರು. 1966ರ ತೊಟ್ಟಿಯಲ್ಲಿ ಕಂಡ ಕೊರತೆ ಆ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ.

ಕಣಕ್ಕೆ ಇದರಿಂದ ಏನು ಸಿಕ್ಕಿತು?

ಎರಡು ಪದರದ ಕೊಬ್ಬು ಅಂದರೆ ಬೇಲಿ ಅಂತ ಮಾತ್ರ ಅಂದುಕೊಂಡರೆ ಅರ್ಧ ತಿಳಿದ ಹಾಗೆ. ಬೇಲಿಯಂತೂ ಹೌದು. ಸೋಡಿಯಂ, ಪೊಟ್ಯಾಶಿಯಂನಂಥ ಅಯಾನುಗಳು ಬಾಲಗಳ ನಡುವಿನ ಜಿಡ್ಡನ್ನು ದಾಟಲಾರವು. ಆದ್ದರಿಂದಲೇ ಕಣದೊಳಗೆ ಪೊಟ್ಯಾಶಿಯಂ ಜಾಸ್ತಿ, ಹೊರಗೆ ಸೋಡಿಯಂ ಜಾಸ್ತಿ ಇಟ್ಟುಕೊಳ್ಳಲು ಸಾಧ್ಯ. ಆಮ್ಲಜನಕಕ್ಕೆ ಮಾತ್ರ ತಡೆ ಇಲ್ಲ. ಅದು ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಲಿಪಿಡ್‌ನ ಮೂಲಕವೇ ನುಸುಳಿ ಹೋಗುತ್ತದೆ. ಆಮ್ಲಜನಕ ಹೊರುವುದೇ ಕಸುಬಾದ ಕಣಕ್ಕೆ ಇದಕ್ಕಿಂತ ಒಳ್ಳೆ ಹೊದಿಕೆ ಬೇಕಾ?

ಆದರೆ ಬೇಲಿ ಗಟ್ಟಿಯಾಗಿ ನಿಂತರೆ ಕಣ ಸಾಯುತ್ತದೆ. ನಮ್ಮ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಆ ದಿನಗಳಲ್ಲಿ ತನಗಿಂತ ಕಿರಿದಾದ ರಕ್ತನಾಳಗಳಲ್ಲಿ ಮತ್ತೆ ಮತ್ತೆ ನುಗ್ಗಬೇಕು. ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಒಂದು ಮೈಕ್ರೋಮೀಟರಿಗಿಂತ ಕಿರಿದಾದ ಸೀಳುಗಳಿವೆ. ಏಳೆಂಟು ಮೈಕ್ರೋಮೀಟರ್ ಅಗಲದ ಕಣ ಅದರಲ್ಲಿ ತೂರಿ ಆಚೆ ಬರಬೇಕು. ಪೊರೆ ಬಾಗಬೇಕು, ಹರಿದಾಡಬೇಕು, ಮತ್ತೆ ಮೊದಲಿನ ಆಕಾರಕ್ಕೆ ಬರಬೇಕು. ಮತ್ತೆ ಆಕಾರಕ್ಕೆ ತರುವ ಕೆಲಸ ಪ್ರೋಟೀನ್ ಬಲೆಯದ್ದು. ಹರಿದಾಡುವ ಗುಣ ಲಿಪಿಡ್‌ನದ್ದು.

ಈ ಹರಿದಾಟ ಬಾಲಗಳಿಂದ ಬರುತ್ತದೆ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಿನಲ್ಲಿ ಕೊಬ್ಬರಿ ಎಣ್ಣೆ ಡಬ್ಬಿಯೊಳಗೇ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕದಲ್ಲಿರುವ ಸೂರ್ಯಕಾಂತಿ ಎಣ್ಣೆ ಹಾಗೇ ಹರಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲದ ಸರಗಳು ಹೆಚ್ಚಿನವು ನೇರ, ಸೌದೆ ಒಟ್ಟಿದ ಹಾಗೆ ಕೂತುಬಿಡುತ್ತವೆ. ಸೂರ್ಯಕಾಂತಿಯ ಸರಗಳಲ್ಲಿ ಜೋಡಿ ಬಂಧ ಇರುವಲ್ಲಿ ಮಡಿಕೆ ಬೀಳುತ್ತದೆ, ಒತ್ತಾಗಿ ಕೂರಲು ಆಗಲ್ಲ. ಪೊರೆಯ ಫಾಸ್ಫೋಲಿಪಿಡ್‌ನಲ್ಲಿ ಸಾಮಾನ್ಯವಾಗಿ ಒಂದು ಬಾಲ ನೇರ, ಇನ್ನೊಂದು ಮಡಿಕೆ ಇರುವಂಥದ್ದು. ಹಾಗಾಗಿ ದೇಹದ ಬಿಸಿಗೆ ಪದರ ಹರಿಯುತ್ತಿರುತ್ತದೆ. ಪಕ್ಕಪಕ್ಕದ ಅಣುಗಳು ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಲ ಜಾಗ ಬದಲಾಯಿಸುತ್ತವೆ.

ಹರಿದಾಟ ಜಾಸ್ತಿಯಾದರೆ ಸೋರಿಕೆ. ಅಲ್ಲಿ ಕೊಲೆಸ್ಟ್ರಾಲ್ ಬೇಕು. ಕೆಂಪು ಕಣದಲ್ಲಿ ಐದು ಫಾಸ್ಫೋಲಿಪಿಡ್‌ಗೆ ಸುಮಾರು ನಾಲ್ಕು ಕೊಲೆಸ್ಟ್ರಾಲ್ ಇವೆ. ಅದರ ಗಡುಸು ಮೈ ಬಾಲಗಳ ನಡುವೆ ಸೇರಿ ತೀರ ಅಲ್ಲಾಡದ ಹಾಗೆ ಹಿಡಿಯುತ್ತದೆ, ಪೂರ್ತಿ ಗಟ್ಟಿಯಾಗದ ಹಾಗೆಯೂ ತಡೆಯುತ್ತದೆ. ಕೊಲೆಸ್ಟ್ರಾಲ್ ಅಂದ ಕೂಡಲೇ ಹೆದರುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಪ್ರಮಾಣ ತಪ್ಪಿದರೆ ಏನಾಗುತ್ತದೆ ಅನ್ನೋದನ್ನು ಆಸ್ಪತ್ರೆಯಲ್ಲಿ ನೋಡಬಹುದು. ಕೆಂಪು ಕಣ ತಾನೇ ಹೊಸ ಕೊಲೆಸ್ಟ್ರಾಲ್ ಮಾಡಿಕೊಳ್ಳಲಾರದು, ಅದಕ್ಕೆ ಬೇಕಾದ ಕೋಶಾಂಗ ಇಲ್ಲ. ಪ್ಲಾಸ್ಮಾದ ಜೊತೆ ಕೊಡುಕೊಳ್ಳುವಿಕೆಯೇ ಗತಿ. ಲಿವರ್ ತೀರ ಕೆಟ್ಟವರಲ್ಲಿ ಪ್ಲಾಸ್ಮಾದ ಲಿಪಿಡ್ ಹದ ತಪ್ಪಿ, ಕೊಲೆಸ್ಟ್ರಾಲ್ ಕಣದ ಪೊರೆಗೆ ಬಂದು ತುಂಬಿಕೊಳ್ಳುತ್ತದೆ. ಪೊರೆ ಬಿರುಸಾಗುತ್ತದೆ. ಗುಲ್ಮದ ಸೀಳಿನಲ್ಲಿ ತೂರುವಾಗ ಅಲ್ಲಲ್ಲಿ ಮುಳ್ಳಿನ ಹಾಗೆ ಏಳುತ್ತದೆ, ಕೊನೆಗೆ ಕಣ ಅಲ್ಲೇ ನಾಶವಾಗುತ್ತದೆ. ಮುಳ್ಳುಕಣದ ರಕ್ತಹೀನತೆ ಅನ್ನಬಹುದಾದ ಈ ಸ್ಥಿತಿಯಲ್ಲಿ ಹಿಮೋಗ್ಲೋಬಿನ್‌ನಲ್ಲಿ ದೋಷವೇ ಇರುವುದಿಲ್ಲ. ತಪ್ಪಿದ್ದು ಪೊರೆಯ ಲಿಪಿಡ್ ಹದ.

ಎರಡು ಪದರ, ಆದರೆ ಒಂದೇ ಥರದ್ದಲ್ಲ

ಗೋರ್ಟರ್ ಮತ್ತು ಗ್ರೆಂಡೆಲ್ ಅವರ ವಿಧಾನ ಎಂದೂ ಉತ್ತರಿಸಲಾಗದ ಪ್ರಶ್ನೆ ಒಂದಿತ್ತು. ಹೊರಗಿನ ಪದರ ಮತ್ತು ಒಳಗಿನ ಪದರ ಒಂದೇ ಅಣುಗಳಿಂದ ಆಗಿವೆಯೇ?

1972ರ ಹೊತ್ತಿಗೆ ಇಂಗ್ಲೆಂಡಿನ ಮಾರ್ಕ್ ಬ್ರೆಚರ್ ಇಲ್ಲ ಅನ್ನುವ ಸುಳಿವು ಕೊಟ್ಟರು. ಮಾರನೇ ವರ್ಷ ಮತ್ತೆ ನೆದರ್ಲೆಂಡ್ಸ್‌ನಿಂದಲೇ, ಈ ಸಲ ಉಟ್ರೆಕ್ಟ್‌ನಿಂದ, ಅಳತೆ ಬಂತು. ಅವರು ಬಳಸಿದ ಹತ್ಯಾರು ನಮ್ಮ ಕಡೆಯದ್ದು. ನಾಗರಹಾವಿನ ವಿಷದಲ್ಲಿರುವ ಫಾಸ್ಫೋಲಿಪೇಸ್ ಎ2 ಅನ್ನುವ ಕಿಣ್ವ. ಅದು ಫಾಸ್ಫೋಲಿಪಿಡ್‌ನ ಎರಡು ಬಾಲಗಳಲ್ಲಿ ಒಂದನ್ನು ಕತ್ತರಿಸುತ್ತದೆ. ಕಿಣ್ವ ದೊಡ್ಡ ಅಣು, ಪೊರೆ ದಾಟಿ ಒಳಗೆ ಹೋಗಲಾರದು. ಹಾಗಾಗಿ ಇಡೀ ಕಣವನ್ನು ಒಡೆಯದೆ ಅದಕ್ಕೆ ಒಡ್ಡಿದರೆ ಹೊರಪದರದ ಅಣುಗಳು ಮಾತ್ರ ಕತ್ತರಿಗೆ ಸಿಗುತ್ತವೆ. ಉಳಿದದ್ದು ಒಳಗಿನದ್ದು. ಸ್ಫಿಂಗೋಮೈಲಿನ್ ಅನ್ನುವ ಇನ್ನೊಂದು ಲಿಪಿಡ್‌ಗೆ ಬ್ಯಾಕ್ಟೀರಿಯಾದ ಬೇರೆ ಕಿಣ್ವ ಬಳಸಿದರು. ನಾಗರಹಾವಿನ ವಿಷ ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಒದಗಿತು ಅನ್ನೋದು ನನಗೆ ಇವತ್ತಿಗೂ ಬೆರಗು.

ಲೆಸಿಥಿನ್ ಮತ್ತು ಸ್ಫಿಂಗೋಮೈಲಿನ್‌ನ ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ಹೊರಪದರದಲ್ಲಿ ಸಿಕ್ಕಿತು. ಫಾಸ್ಫಟಿಡೈಲ್‌ಸೆರಿನ್ ಅನ್ನುವ, ತಲೆಯಲ್ಲಿ ಋಣ ಆವೇಶ ಹೊತ್ತ ಲಿಪಿಡ್ ಹೆಚ್ಚೂಕಮ್ಮಿ ಪೂರ್ತಿ ಒಳಪದರದಲ್ಲೇ ಇತ್ತು. ಪಕ್ಕಕ್ಕೆ ಲಕ್ಷಗಟ್ಟಲೆ ಸಲ ಓಡಾಡುವ ಅಣು ಒಂದು ಪದರದಿಂದ ಇನ್ನೊಂದಕ್ಕೆ ತಾನಾಗಿ ಮಗುಚಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ನೀರು ಬಯಸುವ ತಲೆ ಜಿಡ್ಡಿನೊಳಗೆ ಮುಳುಗಿ ಆಚೆ ಏಳಬೇಕಲ್ಲ. ಅಪ್ಪಿತಪ್ಪಿ ಹೊರಬಂದ ಫಾಸ್ಫಟಿಡೈಲ್‌ಸೆರಿನ್ ಅನ್ನು ಒಂದು ಪ್ರೋಟೀನ್ ಶಕ್ತಿ ಖರ್ಚು ಮಾಡಿ ಮತ್ತೆ ಒಳಕ್ಕೆ ಎಳೆಯುತ್ತದೆ.

ಅಷ್ಟೊಂದು ಕಾವಲು ಯಾಕೆ? ಫಾಸ್ಫಟಿಡೈಲ್‌ಸೆರಿನ್ ಹೊರಗೆ ಕಂಡರೆ ದೇಹ ಅದನ್ನು ಸಂದೇಶ ಅಂತ ಓದುತ್ತದೆ. ಸಾಯುತ್ತಿರುವ ಕೋಶದ ಹೊರಮೈಯಲ್ಲಿ ಅದು ಕಂಡಾಗ ಭಕ್ಷಕ ಕೋಶಗಳು ಬಂದು ನುಂಗುತ್ತವೆ. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಅದನ್ನು ಬೇಕಂತಲೇ ಹೊರಗೆ ತಿರುಗಿಸುತ್ತವೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಆ ಋಣ ಆವೇಶದ ಮೈಮೇಲೆ ಸೇರಿಕೊಂಡು ಕೆಲಸ ಶುರುಮಾಡುತ್ತವೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ಕಣ ಮತ್ತೆ ಮತ್ತೆ ಕುಡುಗೋಲಿನ ಆಕಾರಕ್ಕೆ ತಿರುಗುವಾಗ ಈ ಕಾವಲು ಸಡಿಲಾಗುತ್ತದೆ. ಒಂದಷ್ಟು ಕಣಗಳ ಹೊರಮೈಯಲ್ಲಿ ಫಾಸ್ಫಟಿಡೈಲ್‌ಸೆರಿನ್ ಬಂದು ನಿಲ್ಲುತ್ತದೆ. ಆ ಕಾಯಿಲೆಯವರಲ್ಲಿ ರಕ್ತ ಬೇಡದ ಕಡೆ ಹೆಪ್ಪುಗಟ್ಟುವುದಕ್ಕೆ ಇದೂ ಒಂದು ಕಾರಣ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಈ ಕಾಯಿಲೆ ಇದೆ. ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೆ ಪೊರೆಯ ಒಳಪದರ, ಹೊರಪದರ ಅನ್ನೋದು ಪುಸ್ತಕದ ಮಾತಾಗಿ ಉಳಿಯಬಾರದು ಅಂತ ನನ್ನ ಆಸೆ.

ಲೈಡನ್ ತೊಟ್ಟಿಯಲ್ಲಿ ಹರಡಿದ ಹಾಳೆಯನ್ನು ಈಗ ಮತ್ತೊಮ್ಮೆ ನೋಡಿ. ಅದರಲ್ಲಿ ಹೊರಪದರದ ಲೆಸಿಥಿನ್ ಇತ್ತು, ಒಳಪದರದ ಫಾಸ್ಫಟಿಡೈಲ್‌ಸೆರಿನ್ ಇತ್ತು, ಎರಡೂ ಪದರದ ಕೊಲೆಸ್ಟ್ರಾಲ್ ಇತ್ತು. ಕಣ ಶಕ್ತಿ ಖರ್ಚು ಮಾಡಿ ಬೇರೆ ಬೇರೆ ಇಟ್ಟಿದ್ದನ್ನೆಲ್ಲ ಅಸಿಟೋನ್ ಒಂದೇ ಬಟ್ಟಲಿಗೆ ಸುರಿದಿತ್ತು. ಯಾವ ಅಣು ರಕ್ತದ ಕಡೆ ಮುಖ ಮಾಡಿತ್ತು, ಯಾವುದು ಹಿಮೋಗ್ಲೋಬಿನ್ ಕಡೆ ಮುಖ ಮಾಡಿತ್ತು ಅಂತ ಹೇಳಲು ಆ ನೀರಿನ ಮೇಲೆ ಯಾವ ಗುರುತೂ ಉಳಿದಿರಲಿಲ್ಲ.